ಮೊಣಕಾಲು ಮಾಸಿದ ಕರಿ ಅಂಗಿ

ದುರ್ಗಿಗುಡಿಯ ಅಡ್ಡರಸ್ತೆ, ಹೊಂಗೆಮರದ ಬುಡ, ನನ್ನ ಗಾಡಿ.
ಹತ್ತು ಗಂಟೆಗೆ ಲಾಡ್ಜಿನ ಹುಡುಗ ಬಂದು
ಗಂಟು ಬಿಚ್ಚಿ ಸುರಿದ: ಎಲ್ಲಾ ಕರಿ.
ಕರಿ ಅಂಗಿ, ಕರಿ ಮುಸುಕು,
ಮುಖದ ಜಾಗಕ್ಕೆ ಜಾಳು ಜಾಳು ಬಟ್ಟೆ.
"ಯಾರು ಸತ್ತರೋ?" ಅಂದೆ.
"ಜಪಾನಿನವರು ಹಾಲಮ್ಮಾ, ಬೊಂಬೆ ಆಡಿಸೋರು.
ಆರಕ್ಕೆ ಆಟ. ನಾಲ್ಕಕ್ಕೆ ಇಸ್ತ್ರಿ ಆಗಿರ್ಬೇಕು."

ಬಟ್ಟೆ ನನ್ನ ಹತ್ತಿರ ಸುಳ್ಳು ಹೇಳೋದಿಲ್ಲ.
ವಕೀಲರ ಕೋಟಿನ ಮೊಣಕೈ, ಕಂಡಕ್ಟರನ ಚೀಲದ ಹೆಗಲು,
ಯಾರು ಎಲ್ಲಿ ಸವೆದರು, ಮುಟ್ಟಿದರೆ ಸಾಕು.
ಇಲ್ಲಿ ಒಂದಂಗಿಗೆ ಎಡತೋಳಿನೊಳಗೆ ಬೆವರಿನ ಉಪ್ಪು,
ಇನ್ನೊಂದಕ್ಕೆ ಬಲಗೈಯಂಚು ನೂಲುನೂಲು,
ಮೂರನೆಯದು ಮೊಣಕಾಲಲ್ಲಿ
ಬೂದಿ ಬಣ್ಣಕ್ಕೆ ತಿರುಗಿ, ಹಿಡಿದರೆ ಆಚೆ ರಸ್ತೆ ಕಾಣುತ್ತದೆ.
ಒಳಗಿನಿಂದ ತೇಪೆ ಹಾಕಿದೆ. ಯಾರೂ ಕೇಳಿರಲಿಲ್ಲ.

ಮೂರಕ್ಕೇ ಬಂದ ಆ ಮೊಣಕಾಲಿನವನು,
ಕುನಿಹಿಕೊ ಅಂತ ಹೆಸರು, ನಲವತ್ತರ ಹತ್ತಿರ,
ಜೊತೆಗೆ ಮಾತು ಹೊರುವ ಕಾಲೇಜು ಹುಡುಗಿ.
ಒಂದು ಬೊಂಬೆಗೆ ಮೂವರು, ಅಂದಳು ಅವಳು,
ದೊಡ್ಡವರು ತಲೆ ಮತ್ತು ಬಲಗೈ, ಒಬ್ಬರು ಎಡಗೈ,
ಇವರು ಕಾಲು.
ಎಷ್ಟು ವರ್ಷದಿಂದ?
ಹದಿನಾಲ್ಕು.
ಆಮೇಲೆ?
ಎಡಗೈ. ಅದೊಂದು ಹದಿನೈದು.
ತಲೆ?
ಅವನು ಬಾಣಲೆಯಲ್ಲಿ ಉರಿಯುವ ಸೂರ್ಯನನ್ನು ನೋಡಿದ.
"ಬದುಕಿದ್ದರೆ ಅಂತೆ," ಅಂದು ಹುಡುಗಿ ನಕ್ಕಳು. ಅವನು ನಗಲಿಲ್ಲ.

ಇನ್ನೊಂದು ಹೇಳಿದ:
ಹೆಣ್ಣುಬೊಂಬೆಗೆ ಕಾಲೇ ಇರೋದಿಲ್ಲವಂತೆ.
ಇಲ್ಲದ್ದನ್ನು ಹೇಗಪ್ಪಾ ಆಡಿಸ್ತೀಯ?
ಡಾಕ್ಟರಮ್ಮನ ಇಳಕಲ್ ಸೀರೆ ಮಡಿಸಿಟ್ಟಿದ್ದೆ,
ಕಣ್ಣಲ್ಲೇ ಅಪ್ಪಣೆ ಕೇಳಿ
ಅಂಚನ್ನು ಎರಡು ಮುಷ್ಟಿಯಲ್ಲಿ ಚಿವುಟಿ ಹಿಡಿದ.
ಕಂಬಳಿಯ ಮೇಲೆ ಒಬ್ಬಳು ಎದ್ದು ನಿಂತಳು.
ಒಂದು ಹೆಜ್ಜೆ. ತಡೆದಳು.
ಬಾಗಿಲಾಚೆ ಗಾಡಿ ಕಾಯುತ್ತಿದೆ, ಒಳಗೆ ಏನೋ ಮರೆತಿದೆ,
ಎಡಗಾಲು ಹೊರಟಿತು, ಬಲಗಾಲು ಒಲ್ಲೆ ಅಂತು.
ಮೂರಡಿ ನಡೆದಿರಬೇಕು ಅಷ್ಟೆ
ದಿಂಬಿನ ಕವರು ಸೀದ ವಾಸನೆ ಬಂತು.

ನಾನು ಮದುವೆಯಾಗಿ ಬಂದಾಗ
ಅತ್ತೆ ಕೊಟ್ಟದ್ದು ನೀರಿನ ತಂಬಿಗೆ.
ಚಿಮುಕಿಸೋದು, ಎಂಟು ವರ್ಷ.
ಆಮೇಲೆ ಕೆಂಡ ಊದೋದು, ಮಡಿಸೋದು, ಲೆಕ್ಕ.
ಪೆಟ್ಟಿಗೆಯ ಹಿಡಿ ಕೈಗೆ ಬಂದದ್ದು
ಅವರು ಹೋದ ಹದಿನಾಲ್ಕನೇ ದಿನ, ಗಿರಾಕಿ ಕಾಯುತ್ತಾರೆ ಅಂತ.
ಇದನ್ನು ಅವನಿಗೆ ಹೇಳಲಿಲ್ಲ.
ಆ ಹುಡುಗಿಯ ಬಾಯಲ್ಲಿ ಅದು ಏನಾಗಿ ಹೋಗುತ್ತಿತ್ತೋ.

ತೇಪೆ ಕಂಡು ಬಗ್ಗಿದ, ನನಗೂ, ಪೆಟ್ಟಿಗೆಗೂ ಸೇರಿಸಿ.
ದುಡ್ಡು ಬೇಡ ಅನ್ನೋಷ್ಟು ದೊಡ್ಡವಳಲ್ಲ ನಾನು.
ಇಸ್ತ್ರಿಗೆ ಮೂವತ್ತು, ತೇಪೆಗೆ ಹತ್ತು.
ಒಂದು ಟಿಕೇಟೂ ಕೊಟ್ಟ.

ರಂಗಮಂದಿರದ ಕೊನೇ ಸಾಲು.
ಊರೆಲ್ಲ ಬೊಂಬೆಯ ಮುಖ ನೋಡುತ್ತಿದ್ದರೆ
ನಾನು ಕೆಳಗೆ ನೋಡುತ್ತಿದ್ದೆ.
ಅವಳು ಓಡಿದಾಗ ಧಡಧಡ ಸದ್ದು ಅವನ ಪಾದದ್ದು,
ಅವಳು ಕುಸಿದಾಗ ಮೊದಲು ನೆಲ ಮುಟ್ಟಿದ್ದು ನನ್ನ ತೇಪೆ.
ಪಕ್ಕದಾತ ಕನ್ನಡಕ ಒರೆಸಿಕೊಂಡ:
"ಎಂಥಾ ಮುಖ ಕಣ್ರೀ, ಮರದ್ದು ಅನ್ನಿಸೋದೇ ಇಲ್ಲ."
ಚಪ್ಪಾಳೆಗೆ ತಲೆಯವರು ಮುಂದೆ ಬಂದು ನಕ್ಕರು,
ಅವರದು ತೆರೆದ ಮುಖ.
ಹಿಂದೆ ಎರಡು ಕತ್ತಲೆ ನಿಂತಿತ್ತು,
ನೆರಿಗೆ ಸರಿಯಾಗಿ ಕೂತಿತ್ತು.

ಡಾಕ್ಟರಮ್ಮನಿಗೆ ಹೊಸ ದಿಂಬಿನ ಕವರು ತಂದುಕೊಟ್ಟೆ, ಎಂಬತ್ತೈದು ರೂಪಾಯಿ.
ಸೀದದ್ದು ಗಾಡಿಯಲ್ಲೇ ಇದೆ.
ಗಿರಾಕಿ ಇಲ್ಲದ ಮಧ್ಯಾಹ್ನ
ಅದರ ಅಂಚು ಚಿವುಟಿ ನೋಡುತ್ತೇನೆ.
ಎದ್ದು ನಿಲ್ಲುತ್ತಾಳೆ.
ನಡೆ ಅಂದರೆ ಕುಂಟುತ್ತಾಳೆ.